ಮಗುವಿನ ಆಟದ ಮಾತು ಸುಳ್ಳೇ?

ಒಂದು ದಿನ ಅಸರ್ ನಮಾಝಿನ ನಂತರ ಶಿಗ್ಗಾಂವದ ನಮ್ಮ ಮಕ್ತಬ್‌ಗೆ ತಾಯಿಯೊಬ್ಬರು ಐದು ವರ್ಷದ ಮಗನ ಕೈಹಿಡಿದು ಬಂದರು. "ಆಪಾ, ಈ ಹುಡುಗ ಬರೇ ಸುಳ್ಳು ಹೇಳಾಕತ್ತಾನ್ರಿ. ನಿನ್ನೆ ಅವರಪ್ಪ ಎರಡು ಏಟೂ ಕೊಟ್ಟಾರ. ನೀವರ ಒಂದೀಟು ಬುದ್ಧಿ ಹೇಳ್ರಿ" ಎಂದರು.

ಏನು ಸುಳ್ಳು ಹೇಳಿದ ಎಂದು ವಿಚಾರಿಸಿದೆ. ಹುಡುಗ ಅಂಗಳದಲ್ಲಿ ಹಗ್ಗದ ಎರಡು ತುದಿ ಸೇರಿಸಿ ಕಟ್ಟಿ, ಅದರೊಳಗೆ ತಂಗಿಯನ್ನೂ ನೆರೆಮನೆಯ ಇಬ್ಬರು ಮಕ್ಕಳನ್ನೂ ನಿಲ್ಲಿಸಿ ಬಸ್ಸು ಓಡಿಸಿದ್ದ. ಬೇವಿನ ಎಲೆಗಳೇ ಟಿಕೆಟ್ಟು. ಬಂಕಾಪುರದ ಟೋಲ್ ಗೇಟಿನಲ್ಲಿ ಬಸ್ಸು ನಿಂತು ಹಣವನ್ನೂ ಕಟ್ಟಿತ್ತು. ಸಂಜೆ ತಂದೆ ಬಂದು, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳಿದಾಗ ಹುಡುಗ, ಹಾವೇರಿಗೆ ಬಸ್ಸು ಒಯ್ದಿದ್ದೆ ಎಂದ. ಅದಕ್ಕೇ ಏಟು.

ಆ ತಂದೆಯ ಕಾಳಜಿ ತಪ್ಪಲ್ಲ. ಸುಳ್ಳು ಇಸ್ಲಾಮಿನಲ್ಲಿ ಮಹಾಪಾಪ. ಅದು ಕಪಟ ವಿಶ್ವಾಸಿಯ ಲಕ್ಷಣಗಳಲ್ಲಿ ಒಂದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ತನ್ನ ಮಗ ಸತ್ಯವಂತನಾಗಬೇಕೆಂದು ಯಾವ ತಂದೆ ಬಯಸುವುದಿಲ್ಲ? ಆದರೆ ಹುಡುಗ ಹೇಳಿದ್ದು ಸುಳ್ಳೇ ಎಂಬುದನ್ನು ನಾವು ಮೊದಲು ಯೋಚಿಸಬೇಕಾಗಿದೆ.

ರೆಕ್ಕೆಯ ಕುದುರೆ

ಹ. ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದರು. ಗೆಳತಿಯರೂ ಜೊತೆಗಿರುತ್ತಿದ್ದರು. ಪ್ರವಾದಿವರ್ಯರು(ಸ) ಒಳಗೆ ಬಂದಾಗ ಅವರು ಸಂಕೋಚದಿಂದ ಮರೆಯಾದರೆ, ಪ್ರವಾದಿವರ್ಯರೇ(ಸ) ಅವರನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರು. ಇದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ.

ಅಬೂ ದಾವೂದ್‌ನಲ್ಲಿ ಇನ್ನೊಂದು ವರದಿಯಿದೆ. ಪ್ರವಾದಿವರ್ಯರು(ಸ) ಒಂದು ದಂಡಯಾತ್ರೆಯಿಂದ ಮರಳಿದ್ದರು. ಗಾಳಿ ಬೀಸಿ ಪರದೆ ಸರಿದಾಗ ಆಯಿಶಾರ(ರ) ಗೊಂಬೆಗಳು ಕಾಣಿಸಿದವು. ಅವುಗಳ ನಡುವೆ ಬಟ್ಟೆಯ ಚೂರುಗಳಿಂದ ರೆಕ್ಕೆ ಕಟ್ಟಿದ ಕುದುರೆಯೊಂದಿತ್ತು. ಇವೇನು, ನಡುವೆ ಇರುವುದೇನು, ಅದರ ಮೇಲಿರುವುದೇನು ಎಂದು ಪ್ರವಾದಿವರ್ಯರು(ಸ) ಒಂದೊಂದಾಗಿ ಕೇಳಿದರು. ರೆಕ್ಕೆಗಳೆಂದು ಉತ್ತರ ಬಂದಾಗ, ಕುದುರೆಗೆ ರೆಕ್ಕೆಯೇ ಎಂದು ವಿಸ್ಮಯ ತೋರಿದರು. ಹ. ಸುಲೈಮಾನ್‌ರ(ಅ) ಬಳಿ ರೆಕ್ಕೆಯ ಕುದುರೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆ ಹಲ್ಲು ಕಾಣುವಂತೆ ನಕ್ಕುಬಿಟ್ಟರು.

ಲೋಕಕ್ಕೆ ಸತ್ಯವನ್ನು ಕಲಿಸಲು ಬಂದ ಮಹಾನುಭಾವರು ಇಲ್ಲಿ ಗದರಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಕೊನೆಯಲ್ಲಿ ನಕ್ಕರು. ಕಲ್ಪನೆಯ ಆಟಕ್ಕೂ ಸುಳ್ಳಿಗೂ ಇರುವ ಅಂತರವನ್ನು ಅರಿಯಲು ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ನಿಜವಾದ ಸುಳ್ಳು ಯಾವುದು?

ಇನ್ನೊಬ್ಬರನ್ನು ವಂಚಿಸುವ ಉದ್ದೇಶದಿಂದ ಇಲ್ಲದ್ದನ್ನು ಇದೆ ಎನ್ನುವುದು ಸುಳ್ಳು. ಆಟದಲ್ಲಿ ವಂಚನೆಗೊಳಗಾಗುವವರು ಯಾರೂ ಇಲ್ಲ. ಹಗ್ಗವು ಹಗ್ಗವೇ ಎಂದು ಹುಡುಗನಿಗೂ ಗೊತ್ತು, ಅದರೊಳಗೆ ನಿಂತ ತಂಗಿಗೂ ಗೊತ್ತು. ಮಣ್ಣಿನ ರೊಟ್ಟಿ ತಟ್ಟಿ ಬಡಿಸುವ ಹುಡುಗಿ ಅದನ್ನು ಬಾಯಿಯ ಹತ್ತಿರ ಒಯ್ಯುತ್ತಾಳೆಯೇ ಹೊರತು ನುಂಗುವುದಿಲ್ಲ.

ಪವಿತ್ರ ಕುರ್‌ಆನಿನ ಸೂರಃ ಯೂಸುಫ್‌ನಲ್ಲಿ ಇವೆರಡೂ ಒಂದೇ ಕಡೆ ಕಾಣಸಿಗುತ್ತವೆ. ತಮ್ಮನು ತಿಂದು ಆಡಿಕೊಂಡಿರಲಿ, ನಮ್ಮೊಡನೆ ಕಳುಹಿಸಿ ಎಂದು ಅಣ್ಣಂದಿರು ಕೇಳಿದಾಗ ಹ. ಯಾಕೂಬ್(ಅ) ಆಟವನ್ನು ಆಕ್ಷೇಪಿಸಲಿಲ್ಲ. ಅವರ ಆತಂಕವಿದ್ದುದು ತೋಳದ ಬಗ್ಗೆ. ಆದರೆ ಅದೇ ಅಣ್ಣಂದಿರು ಸಂಜೆ ಅಂಗಿಗೆ ಸುಳ್ಳು ರಕ್ತ ಹಚ್ಚಿಕೊಂಡು ಅಳುತ್ತಾ ಬಂದರು. ಅದು ದೊಡ್ಡವರ ಸುಳ್ಳು. ಅದರಲ್ಲಿ ವಂಚನೆಯಿತ್ತು, ಒಂದು ಜೀವಕ್ಕೆ ಅನ್ಯಾಯವಿತ್ತು.

ಇನ್ನು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಅಬ್ದುಲ್ಲಾ ಬಿನ್ ಆಮಿರ್(ರ) ತಮ್ಮ ಬಾಲ್ಯದ ಘಟನೆಯೊಂದನ್ನು ವರದಿ ಮಾಡಿದ್ದಾರೆ. ಅವರ ತಾಯಿ, ಬಾ, ನಿನಗೊಂದು ಕೊಡುತ್ತೇನೆ ಎಂದು ಕರೆದರು. ಏನು ಕೊಡಬೇಕೆಂದಿರುವೆ ಎಂದು ಪ್ರವಾದಿವರ್ಯರು(ಸ) ಕೇಳಿದರು. ಖರ್ಜೂರ ಎಂದರು ಆಕೆ. ಏನನ್ನೂ ಕೊಡದೆ ಇದ್ದಿದ್ದರೆ ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಪ್ರವಾದಿವರ್ಯರು(ಸ) ತಿಳಿಸಿದರು (ಅಬೂ ದಾವೂದ್).

ಸಂತೆಯಿಂದ ಮಿಠಾಯಿ ತರುತ್ತೇನೆಂದು ಹೇಳಿ ಬರಿಗೈಯಲ್ಲಿ ಬರುವವರು ನಾವು. ಸಾಲ ಕೇಳಲು ಯಾರಾದರೂ ಬಂದರೆ, ಅಬ್ಬಾ ಮನೆಯಲ್ಲಿಲ್ಲ ಎಂದು ಹೇಳು ಎಂದು ಮಗುವಿನಿಂದಲೇ ಹೇಳಿಸುವವರೂ ನಾವೇ. ಮಗು ಸುಳ್ಳನ್ನು ಕಲಿಯುವುದು ಹಗ್ಗದ ಬಸ್ಸಿನಲ್ಲಲ್ಲ, ನಮ್ಮ ಹೊಸ್ತಿಲಲ್ಲಿ.

ಆಟದಿಂದ ಮಗು ಏನು ಕಲಿಯುತ್ತದೆ?

ಒಂದೂವರೆ ಎರಡು ವರ್ಷದ ಮಗು ಖಾಲಿ ಲೋಟವನ್ನು ತುಟಿಗಿಟ್ಟು ಕುಡಿದಂತೆ ನಟಿಸುತ್ತದೆ. ಮೂರರ ಸುಮಾರಿಗೆ ಗೊಂಬೆಯನ್ನು ಮಲಗಿಸಿ ಜ್ವರ ನೋಡುತ್ತದೆ. ನಾಲ್ಕೈದರ ಹೊತ್ತಿಗೆ ಮಕ್ಕಳು ಕೂಡಿಕೊಂಡು, ನೀನು ದಾದಿ, ನಾನು ಡಾಕ್ಟರು ಎಂದು ಪಾತ್ರ ಹಂಚಿಕೊಂಡು ಇಡೀ ಸಂಸಾರವನ್ನೇ ನಡೆಸುತ್ತಾರೆ. ಇದು ಅಲ್ಲಾಹನು ಮಗುವಿನ ಪ್ರಕೃತಿಯಲ್ಲೇ ಇಟ್ಟ ಕ್ರಮ.

ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರಲ್ಲಿ ಮಾಡಿದ ಉಪನ್ಯಾಸದಲ್ಲಿ ಇದನ್ನು ವಿವರಿಸಿದ್ದಾನೆ. ಕೋಲನ್ನು ಕುದುರೆ ಮಾಡಿಕೊಂಡ ಮಗು, ಒಂದು ವಸ್ತುವು ಇನ್ನೊಂದನ್ನು ಸೂಚಿಸಬಲ್ಲದು ಎಂಬುದನ್ನು ಕಲಿಯುತ್ತದೆ. ಅಕ್ಷರ ಕಲಿಸುವ ನಮಗೆ ಇದರ ಬೆಲೆ ಗೊತ್ತು. ಹಲಗೆಯ ಮೇಲಿನ ಒಂದು ನೇರ ಗೆರೆ ಅಲಿಫ್ ಆಗುವುದೂ ಹಗ್ಗ ಬಸ್ಸಾಗುವುದೂ ಒಂದೇ ಬಗೆಯ ತಿಳಿವಳಿಕೆ.

ಎರಡನೆಯದು ಸಂಯಮ. ಕಂಡಕ್ಟರ್ ಆದವನು ಮನಸ್ಸು ಬಂದಂತೆ ಓಡುವಂತಿಲ್ಲ. ಎಲ್ಲರೂ ಹತ್ತುವವರೆಗೆ ಕಾಯಬೇಕು, ಆಮೇಲೆ 'ರೈಟ್' ಹೇಳಬೇಕು. ಹತ್ತು ಸಲ ಹೇಳಿದರೂ ಒಂದು ಕಡೆ ನಿಲ್ಲದ ಹುಡುಗ ಆಟದಲ್ಲಿ ತಾನಾಗಿ ನಿಲ್ಲುತ್ತಾನೆ. ಮೂರನೆಯದು ಕರುಣೆ. ಗೊಂಬೆಗೆ ಹೊದಿಸುವ ಕೈ ನಾಳೆ ತಮ್ಮನಿಗೆ ಹೊದಿಸುತ್ತದೆ.

ನಮ್ಮ ಪೂರ್ವಿಕ ವಿದ್ವಾಂಸರು ಇದನ್ನು ಅರಿಯದವರಲ್ಲ. ಗೊಂಬೆಯಾಟದ ಹದೀಸನ್ನು ವಿವರಿಸುತ್ತಾ ಇಮಾಮ್ ಇಬ್ನು ಹಜರ್(ರಹ್) ಖಾಝಿ ಇಯಾಝ್‌ರ(ರಹ್) ಅಭಿಪ್ರಾಯವನ್ನು ಉಲ್ಲೇಖಿಸಿದ್ದಾರೆ. ಬಹುಪಾಲು ವಿದ್ವಾಂಸರು ಹೆಣ್ಣುಮಕ್ಕಳ ಗೊಂಬೆಗಳಿಗೆ ಅನುಮತಿ ನೀಡಿದ್ದಾರೆ, ಚಿಕ್ಕಂದಿನಲ್ಲೇ ಮನೆ ಮತ್ತು ಮಕ್ಕಳ ಪಾಲನೆಯ ತರಬೇತಿ ಸಿಗುವುದು ಅದಕ್ಕೆ ಕಾರಣ ಎಂದು ಅದರಲ್ಲಿದೆ. ಭಿನ್ನಾಭಿಪ್ರಾಯ ಉಳ್ಳವರೂ ಇದ್ದಾರೆ. ಕಣ್ಣು ಮೂಗು ತಿದ್ದಿದ ಇಂದಿನ ಗೊಂಬೆಗಳ ಬಗ್ಗೆ ಸಂದೇಹವಿರುವವರು ಹಳೆಯ ಬಟ್ಟೆಯಿಂದ ಮನೆಯಲ್ಲೇ ಗೊಂಬೆ ಕಟ್ಟಿಕೊಡಬಹುದು. ಆಶೂರಾ ಉಪವಾಸದಂದು ಮಕ್ಕಳು ಹಸಿವಿನಿಂದ ಅತ್ತಾಗ ಸಹಾಬಿ ಮಹಿಳೆಯರು ಉಣ್ಣೆಯ ಆಟಿಕೆ ಮಾಡಿ ಕೊಡುತ್ತಿದ್ದರೆಂದು ಹ. ರುಬಯ್ಯಿ(ರ) ವರದಿ ಮಾಡಿದ್ದಾರೆ. ಇಮಾಮ್ ಗಝ್ಝಾಲಿ(ರಹ್) ಇಹ್ಯಾ ಉಲೂಮುದ್ದೀನ್‌ನಲ್ಲಿ, ಪಾಠ ಮುಗಿದ ಮೇಲೆ ಮಗುವಿಗೆ ಒಳ್ಳೆಯ ಆಟಕ್ಕೆ ಬಿಡುವು ಕೊಡಬೇಕು, ಆಟ ತಡೆದು ಸದಾ ಓದಿಗೆ ಹಚ್ಚಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂದು ಎಚ್ಚರಿಸಿದ್ದಾರೆ.

ಹೆತ್ತವರು ಗಮನಿಸಬೇಕಾದುದು

ಆಟಕ್ಕೂ ಮೇರೆಯಿದೆ. ಕುಂಟುವವರನ್ನು, ತೊದಲುವವರನ್ನು, ಇತರರ ಆರಾಧನೆಯನ್ನು ಅಣಕಿಸುವ ಆಟ ಬೇಡ. ಪರಿಹಾಸ್ಯ ಮಾಡಬಾರದೆಂದು ಸೂರಃ ಹುಜುರಾತ್‌ನಲ್ಲಿ ಸ್ಪಷ್ಟ ಆದೇಶವಿದೆ. ತಮಾಷೆಗಾಗಿಯೂ ಇನ್ನೊಬ್ಬರನ್ನು ಬೆದರಿಸಬಾರದು. ಬೆಂಕಿ, ಚಾಕು, ಔಷಧಿಗಳು ಆಟಕ್ಕೆ ಸಿಗದಿರಲಿ.

ಮಗು ಅತ್ತರೆ ಕೈಗೆ ಮೊಬೈಲ್ ಕೊಡುವ ಅಭ್ಯಾಸವನ್ನೂ ಬಿಡಬೇಕು. ತೆರೆಯ ಮೇಲೆ ಎಲ್ಲವೂ ಸಿದ್ಧವಾಗಿ ಬರುತ್ತದೆ, ಕಲ್ಪಿಸಿಕೊಳ್ಳಲು ಮಗುವಿಗೆ ಏನೂ ಉಳಿಯುವುದಿಲ್ಲ. ವರ್ಷ ತುಂಬದ ಮಕ್ಕಳಿಗೆ ತೆರೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಹಳೆಯ ದುಪಟ್ಟಾ, ತೆಂಗಿನ ಚಿಪ್ಪು, ಖಾಲಿ ಡಬ್ಬಿ, ಒಂದು ಹಗ್ಗ, ಇಷ್ಟು ಸಾಕು.

ಮಗು ಮಾಡಿದ ತಪ್ಪನ್ನು ಮರೆಮಾಚಲು ಇಲ್ಲದ್ದನ್ನು ಹೇಳಿದರೆ ಅದು ಬೇರೆ ವಿಷಯ. ಆಗ ಪ್ರೀತಿಯಿಂದ ತಿದ್ದಬೇಕು. ಆಟದ ಮಾತೋ ನಿಜದ ಮಾತೋ ಎಂಬ ಅನುಮಾನ ಬಂದರೆ, ಇದು ಆಟದ್ದೋ ನಿಜದ್ದೋ ಎಂದು ಮೆಲ್ಲನೆ ಕೇಳಿದರಾಯಿತು. ಸಾಮಾನ್ಯವಾಗಿ ಮಗುವೇ ನಿಜ ಹೇಳಿಬಿಡುತ್ತದೆ.

ಅಂದು ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡು, ಹಾವೇರಿಗೆ ಟಿಕೆಟ್ಟು ಎಷ್ಟಪ್ಪಾ ಎಂದು ಕೇಳಿದೆ. ಅವನು ಮಾತಾಡಲಿಲ್ಲ, ತಾಯಿಯ ಮುಖ ನೋಡಿದ. ಏಟಿನ ಭಯ ಇನ್ನೂ ಹೋಗಿರಲಿಲ್ಲ. ತಾಯಿಗೆ ಕಣ್ಣು ತುಂಬಿ ಬಂತು. "ಹೇಳಪಾ, ಆಪಾ ಕೇಳಾಕತ್ತಾರ. ನನಗೂ ಒಂದು ಟಿಕೆಟ್ ಕೊಡು" ಎಂದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲನೆ ಬರಿಗೈ ಚಾಚಿ ಟಿಕೆಟ್ಟು ಹರಿದುಕೊಟ್ಟ.

ಮಕ್ಕಳು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್ತು. ಆಟದಲ್ಲಿ ಅವರೊಂದಿಗೆ ನಗುವ, ಮಾತಿನಲ್ಲಿ ಅವರೊಂದಿಗೆ ಸತ್ಯವಂತರಾಗಿರುವ ಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.