ಕೆಲಸದ ಫೈಲು ಒಂದೇ ಕಡೆ ಬೇಡ

ಇಂಡಿಯ ವಕೀಲರೇ, ಸಿಂದಗಿಯ ಡಿಟಿಪಿ ಅಂಗಡಿಯವರೇ, ಮುದ್ದೇಬಿಹಾಳದ ಶಿಕ್ಷಕರೇ, ಬಸವನ ಬಾಗೇವಾಡಿಯ ವ್ಯಾಪಾರಿಗಳೇ, ನಿಮ್ಮ ದುಡಿಮೆಯೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿದ್ದರೆ ಇಂದೇ ಎಚ್ಚೆತ್ತುಕೊಳ್ಳಿ.

ನಮ್ಮ ಜಿಲ್ಲೆಯೇ ಇದಕ್ಕೆ ಪಾಠ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಹಲವು ಮನೆ, ಮಠಗಳಲ್ಲಿ ಪ್ರತಿಗಳಿದ್ದವು. ಅದಕ್ಕೇ ಬಸವಣ್ಣನವರ ಮಾತು ನಮ್ಮ ಕೈಗೆ ಬಂತು.

ನಿಮ್ಮ ಫೈಲಿಗೂ ಲೆಕ್ಕ ಸರಳ: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಜಾಗದಲ್ಲಿ. ಅಂದರೆ ಲ್ಯಾಪ್‌ಟಾಪಿನಲ್ಲೊಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡ್‌ನಲ್ಲೊಂದು. ಪೆನ್‌ಡ್ರೈವ್ ಫೈಲು ಒಯ್ಯಲಿಕ್ಕಷ್ಟೇ, ಕಾಪಿಡಲಿಕ್ಕಲ್ಲ. ಪ್ರತಿ ಮಾಡಿದ ಕೂಡಲೇ ಹಾರ್ಡ್ ಡಿಸ್ಕ್ ಬಿಚ್ಚಿಡಿ. ಆಮೇಲೆ ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕರೂ ಡಿಸ್ಕಿನ ಪ್ರತಿ ಉಳಿಯುತ್ತದೆ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲೇ ನಿಮ್ಮ ಮೇಲ್, ಫೋಟೊಗಳೂ ಸೇರುತ್ತವೆ. ತುಂಬುವ ಮೊದಲೇ ನೋಡಿಕೊಳ್ಳಿ. ಸಿಂಕ್ ಆದ ಫೈಲನ್ನು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ; ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಮಾತ್ರ ಇರುತ್ತದೆ. ಕಕ್ಷಿದಾರರ, ಮಕ್ಕಳ ದಾಖಲೆಗಳಿದ್ದರೆ ಪಾಸ್‌ವರ್ಡ್ ಜೊತೆ ಎರಡು ಹಂತದ ಪರಿಶೀಲನೆ ಹಾಕಿ.

ತಿಂಗಳಿಗೊಮ್ಮೆ ಪ್ರತಿಯಿಂದ ಒಂದೆರಡು ಫೈಲು ತೆರೆದು ನೋಡಿ. ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ. ಮೊದಲ ಪ್ರತಿಯನ್ನು ಈ ಭಾನುವಾರವೇ ಮಾಡಿಬಿಡಿ.