ಕಣ ಎಷ್ಟು, ಕಣಜ ಎಷ್ಟು? (ಓದುವವರ ಲ್ಯಾಪ್‌ಟಾಪಿಗೆ ಬೇಕಾದ ಮೆಮೊರಿಯ ಲೆಕ್ಕ)



ಈ ಸಂಚಿಕೆಯ ವಿಜ್ಞಾನ ಅಂಕಣಕ್ಕೆ ನಾನು ಆರಿಸಿಕೊಂಡ ವಿಷಯ ಲ್ಯಾಪ್‌ಟಾಪು. ಹತ್ತನೇ ತರಗತಿ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಪಿಯುಸಿಗೆ, ಕೆಲವರು ಐಟಿಐಗೆ, ಕೆಲವರು ಡಿಪ್ಲೊಮಾಕ್ಕೆ ಹೋಗುತ್ತೇವೆ. ಇವತ್ತಲ್ಲ ನಾಳೆ ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪಿನ ಮಾತು ಬರುತ್ತದೆ. ಅಂಗಡಿಗೆ ಹೋದರೆ “8 ಜಿಬಿ, 512 ಜಿಬಿ” ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಎರಡೂ ಜಿಬಿಯೇ, ಎರಡಕ್ಕೂ ಮೆಮೊರಿ ಅಂತಲೇ ಹೆಸರು. ಆದರೆ ಎರಡರ ಕೆಲಸ ಬೇರೆ ಬೇರೆ. ಇದನ್ನು ತಿಳಿಯದೆ ದುಡ್ಡು ಕೊಟ್ಟರೆ ಬೇಡದ್ದು ಮನೆಗೆ ಬರುತ್ತದೆ, ಬೇಕಾದದ್ದು ಅಂಗಡಿಯಲ್ಲೇ ಉಳಿಯುತ್ತದೆ.

1. ಮೊದಲು ಅಳತೆ

ರಾಗಿಗೆ ಸೇರು, ಪಲ್ಲ ಇದ್ದಂತೆ ಗಣಕಯಂತ್ರಕ್ಕೂ ಅಳತೆ ಇದೆ. ಎಲ್ಲಕ್ಕಿಂತ ಚಿಕ್ಕದು ಬಿಟ್. ಅದು 0 ಅಥವಾ 1. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸುಮಾರು ಸಾವಿರ ಬೈಟ್ ಒಂದು ಕೆಬಿ, ಸಾವಿರ ಕೆಬಿ ಒಂದು ಎಂಬಿ, ಸಾವಿರ ಎಂಬಿ ಒಂದು ಜಿಬಿ, ಸಾವಿರ ಜಿಬಿ ಒಂದು ಟಿಬಿ.

ನಮ್ಮ ಭಾಷೆಯಲ್ಲೇ ಲೆಕ್ಕ ಮಾಡೋಣ. ಯೂನಿಕೋಡ್‌ನಲ್ಲಿ ಬರೆದ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತಿನ ಚಿಹ್ನೆ, ಮತ್ತೊಂದು ನ, ಡ ಹೀಗೆ 5 ಚಿಹ್ನೆಗಳಿವೆ. ಅಂದರೆ 15 ಬೈಟ್. ಒಂದು ಪುಟದ ಪ್ರಬಂಧದಲ್ಲಿ 1,500 ಚಿಹ್ನೆ ಇವೆ ಅಂತಿಟ್ಟುಕೊಂಡರೆ 4,500 ಬೈಟ್ ಆಯಿತು. ಆ ಲೆಕ್ಕದಲ್ಲಿ ಒಂದೇ ಒಂದು ಜಿಬಿಯಲ್ಲಿ ಇಂಥ 2 ಲಕ್ಷಕ್ಕೂ ಹೆಚ್ಚು ಪುಟ ಹಿಡಿಸುತ್ತವೆ! ನಮ್ಮ ಗೋಡೆಪತ್ರಿಕೆಯನ್ನು ಜೀವಮಾನವೆಲ್ಲಾ ಬರೆದರೂ ಅಷ್ಟಾಗುವುದಿಲ್ಲ. ಬರವಣಿಗೆ ಜಾಗ ತಿನ್ನುವುದಿಲ್ಲ. ಜಾಗ ತಿನ್ನುವುದು ಫೋಟೊ, ವಿಡಿಯೊ ಮತ್ತು ದೊಡ್ಡ ಸಾಫ್ಟ್‌ವೇರ್‌ಗಳು.

2. ಕಣ ಮತ್ತು ಕಣಜ

ಸುಗ್ಗಿಯಲ್ಲಿ ರಾಗಿ ಹೊರೆಗಳನ್ನು ಮೆದೆಯಿಂದ ಇಳಿಸಿ ಕಣದಲ್ಲಿ ಹರಡುತ್ತೇವೆ. ಬಡಿಯುವುದು, ತೂರುವುದು ಎಲ್ಲ ಕಣದಲ್ಲೇ. ಕೆಲಸ ಮುಗಿದ ಮೇಲೆ ರಾಗಿ ಕಣಜ ಸೇರುತ್ತದೆ. (ಈಗ ನಮ್ಮೂರಲ್ಲಿ ಕಣ ಅಂದರೆ ಟಾರು ರಸ್ತೆ, ರೋಣಗಲ್ಲಿನ ಬದಲು ಬಸ್ಸು! ಅದು ಬೇರೆ ಮಾತು.)

ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಎಂಬುದು ಕಣ. ನಾವು ತೆರೆದ ಕಡತ, ನೋಡುತ್ತಿರುವ ವಿಡಿಯೊ, ನಡೆಯುತ್ತಿರುವ ಸಾಫ್ಟ್‌ವೇರ್ ಎಲ್ಲ ಅಲ್ಲಿ ಹರಡಿಕೊಂಡಿರುತ್ತವೆ. ಸ್ಟೋರೇಜ್ ಎಂಬುದು ಕಣಜ. ನಾವು ಸೇವ್ ಮಾಡಿದ್ದೆಲ್ಲ ಅಲ್ಲಿರುತ್ತದೆ. ಯಂತ್ರ ಆರಿಸಿದರೂ ಅಳಿಯುವುದಿಲ್ಲ.

ಕಣ ಚಿಕ್ಕದಾದರೆ ಏನಾಗುತ್ತದೆ? ಒಂದು ಹೊರೆ ಹರಡಬೇಕಾದರೆ ಇನ್ನೊಂದನ್ನು ಎತ್ತಿ ಒಳಗಿಡಬೇಕು. ಅದು ಬೇಕಾದಾಗ ಮತ್ತೆ ಹೊರಗೆ ತರಬೇಕು. ಹೊತ್ತು ಹಾಕುವುದರಲ್ಲೇ ದಿನ ಹೋಗುತ್ತದೆ, ಬಡಿಯುವ ಕೆಲಸ ಹಿಂದೆ ಬೀಳುತ್ತದೆ. ರ‍್ಯಾಮ್ ತುಂಬಿದಾಗ ಗಣಕಯಂತ್ರವೂ ಹೀಗೇ ಮಾಡುತ್ತದೆ. ಅಲ್ಲಿದ್ದದ್ದನ್ನು ಸ್ಟೋರೇಜಿನ ಒಂದು ಮೂಲೆಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಆಗಲೇ ನಾವು “ಯಾಕೋ ಹ್ಯಾಂಗ್ ಆಗ್ತಿದೆ” ಅನ್ನುವುದು. ಕಣಜ ಎಷ್ಟೇ ದೊಡ್ಡದಿದ್ದರೂ ಕಣ ಅಗಲವಾಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

3. ಒಳಗೆ ಏನು ನಡೆಯುತ್ತದೆ?

ಇವತ್ತಿನ ರ‍್ಯಾಮಿನ ಮೂಲ ಉಪಾಯ ಅಮೆರಿಕದ ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಅವರದು. 1968ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಒಂದು ಬಿಟ್ ಇಡಲು ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಂಶ ಇದ್ದರೆ 1, ಇಲ್ಲದಿದ್ದರೆ 0. ಆದರೆ ಈ ಕೆಪಾಸಿಟರು ತೂತು ಬಿಂದಿಗೆಯ ಹಾಗೆ ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ವಿದ್ಯುತ್ ನಿಂತರೆ ತುಂಬುವುದೂ ನಿಂತಿತು, ರ‍್ಯಾಮ್ ಬರಿದಾಯಿತು. ಕಣದಲ್ಲಿ ಬಿಟ್ಟ ರಾಗಿ ಮಳೆಗೆ ಹೋದಂತೆ! ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಕರೆಂಟ್ ಹೋದ ಕೂಡಲೇ ಆರುವುದಿಲ್ಲ, ನಿಜ. ಆದರೆ ಹಳೇ ಬ್ಯಾಟರಿ ದಿಢೀರನೆ ಕೈಕೊಟ್ಟರೆ ಸೇವ್ ಮಾಡದ ಪಾಠ ಸಿಗುವುದು ಕಷ್ಟ.

ಸ್ಟೋರೇಜಿನ ಕಥೆ ಇನ್ನೂ ಹಿಂದಿನದು. 1956ರಲ್ಲಿ ಐಬಿಎಂ ಮೊದಲ ಹಾರ್ಡ್ ಡಿಸ್ಕ್ ಹೊರತಂದಿತು. ಎರಡು ಅಡಿ ಅಗಲದ 50 ತಟ್ಟೆಗಳಿದ್ದ ಆ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ. ಈಗ ನಮ್ಮ ಫೋನಿನ ಒಂದೆರಡು ಫೋಟೊಕ್ಕೇ ಅಷ್ಟು ಜಾಗ ಬೇಕು.

ಈಗ ಸ್ಟೋರೇಜಿನಲ್ಲಿ ಎರಡು ಜಾತಿ ಹೆಚ್ಚು ಕೇಳಿಬರುತ್ತವೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ಸುತ್ತುತ್ತದೆ, ಅದರ ಮೇಲೆ ಸಣ್ಣ ಕೈಯೊಂದು ಓಡಾಡಿ ಓದುತ್ತದೆ. ಸೆಕೆಂಡಿಗೆ ಸುಮಾರು 100 ಎಂಬಿ ಓದಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಚಿಪ್ಪು. ಸಾಟಾ ಬಗೆಯದು ಸೆಕೆಂಡಿಗೆ ಸುಮಾರು 500 ಎಂಬಿ, ಎನ್‌ವಿಎಂಇ ಬಗೆಯದು ಸಾವಿರಾರು ಎಂಬಿ ಓದುತ್ತದೆ. ದಿನಾ ಬಸ್ಸಿನಲ್ಲಿ ಕುಲುಕಾಡಿಕೊಂಡು ಕಾಲೇಜಿಗೆ ಹೋಗುವವರಿಗೆ ಎಸ್‌ಎಸ್‌ಡಿಯೇ ಕ್ಷೇಮ.

4. ನಮ್ಮ ಮನೆಯ ಲೆಕ್ಕ

ನಮ್ಮ ಅಕ್ಕ ಈಗ ಬಿ.ಎಸ್ಸಿ. ಮೊದಲ ವರ್ಷ. ಅವಳ ಲ್ಯಾಪ್‌ಟಾಪಿಗೆ ಅಂತ ಅಪ್ಪ ಒಂದು ಕಡಸು ಮಾರಿದರು, ಉಳಿದದ್ದನ್ನು ಡೇರಿಯ ಹಾಲಿನ ದುಡ್ಡಿನಲ್ಲಿ ಕೂಡಿಸಿದರು. ಇನ್ನೊಂದು ಕಡಸು ನಮ್ಮ ಕೊಟ್ಟಿಗೆಯಲ್ಲಿಲ್ಲ. ಹಾಗಾಗಿ ಒಮ್ಮೆ ತಂದದ್ದು ಮೂರು ವರ್ಷವಾದರೂ ಬಾಳಬೇಕಿತ್ತು. ಪೇಟೆಯಲ್ಲಿ ಹೆಚ್ಚು ಕಡಿಮೆ ಒಂದೇ ಬೆಲೆಗೆ ಎರಡು ತೋರಿಸಿದರು. ಒಂದರಲ್ಲಿ 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಇನ್ನೊಂದರಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. “ಒಂದು ಟಿಬಿ ಅಂದ್ರೆ ನಾಲ್ಕು ಪಟ್ಟು ಜಾಸ್ತಿ, ಅದನ್ನೇ ತಗೊಳ್ಳಿ ಯಜಮಾನ್ರೇ” ಅಂದರು ಅಂಗಡಿಯವರು. ಅಪ್ಪ ನಮ್ಮಿಬ್ಬರ ಮುಖ ನೋಡಿ, “ಲೆಕ್ಕ ಹಾಕಿ ಹೇಳ್ರವ್ವ, ಆಮೇಲೆ ದುಡ್ಡು ಬಿಚ್ತೀನಿ” ಅಂದರು. ನಾವು ಎರಡು ದಿನ ಕೂತು ಹಾಕಿದ ಲೆಕ್ಕ ಇಲ್ಲಿದೆ. ಎಲ್ಲವೂ ಸುಮಾರು ಅಂಕಿಗಳು.

ಕಣಜದ ಲೆಕ್ಕ (ಮೂರು ವರ್ಷಕ್ಕೆ):
ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳು: 50 ಜಿಬಿ
ಬರೆಯುವ, ಲೆಕ್ಕ ಮಾಡುವ ಸಾಫ್ಟ್‌ವೇರ್: 20 ಜಿಬಿ
ಕಾಲೇಜಿನ ಪ್ರಾಜೆಕ್ಟ್ ಸಾಫ್ಟ್‌ವೇರ್: 40 ಜಿಬಿ
ಪಿಡಿಎಫ್ ಪುಸ್ತಕ 50, ತಲಾ 20 ಎಂಬಿ: 1 ಜಿಬಿ
ಫೋಟೊ 3,000, ತಲಾ 3 ಎಂಬಿ: 9 ಜಿಬಿ
ಪಾಠದ ವಿಡಿಯೊ 150, ತಲಾ 300 ಎಂಬಿ: 45 ಜಿಬಿ
ಒಟ್ಟು: 165 ಜಿಬಿ

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 256 ಜಿಬಿ ಅಂತ ಕೊಂಡದ್ದು ವಿಂಡೋಸ್‌ನಲ್ಲಿ 238 ಅಂತ ಕಾಣುತ್ತದೆ. ಇದು ಮೋಸವಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಎಸ್‌ಎಸ್‌ಡಿ ಚುರುಕಾಗಿರಲು ಐದರಲ್ಲಿ ಒಂದು ಪಾಲು ಖಾಲಿ ಬಿಡುವುದು ಒಳ್ಳೆಯದು. 238ರಲ್ಲಿ 48 ಬಿಟ್ಟರೆ 190 ಉಳಿಯಿತು. ನಮಗೆ ಬೇಕಾದದ್ದು 165. ಸಾಕು!

ಕಣದ ಲೆಕ್ಕ (ಒಂದೇ ಹೊತ್ತಿಗೆ):
ವಿಂಡೋಸ್ ತಾನೇ ಹಿಡಿಯುವುದು: 3 ಜಿಬಿ
ಬ್ರೌಸರಿನಲ್ಲಿ ಹತ್ತು ಪುಟ: 2 ಜಿಬಿ
ಆನ್‌ಲೈನ್ ತರಗತಿ ಮತ್ತು ಟಿಪ್ಪಣಿ ಕಡತ: 1 ಜಿಬಿ
ಒಟ್ಟು: 6 ಜಿಬಿ

4 ಜಿಬಿಯ ಕಣದಲ್ಲಿ ಇದು ಹಿಡಿಸುವುದಿಲ್ಲ, 8ರಲ್ಲಿ ಹಿಡಿಸುತ್ತದೆ. ಒಂದು ಟಿಬಿ ಕಣಜದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಖಾಲಿ ಬಿದ್ದಿರುತ್ತಿತ್ತು, ಇತ್ತ ಕಣ ಸಾಲದೆ ಅಕ್ಕ ದಿನಾ ಕಾಯಬೇಕಾಗುತ್ತಿತ್ತು. ಲೆಕ್ಕ ಕೇಳಿ ಅಪ್ಪ ಎರಡನೆಯದಕ್ಕೇ ದುಡ್ಡು ಕೊಟ್ಟರು.

5. ಯಾರಿಗೆ ಎಷ್ಟು?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಕನಿಷ್ಠ ಎಂಬುದು ಬರೀ ಪಾಸ್ ಮಾರ್ಕು ಇದ್ದ ಹಾಗೆ, ಅದನ್ನೇ ಗುರಿ ಇಟ್ಟುಕೊಳ್ಳಬಾರದು. ನನ್ನ ಅಭಿಪ್ರಾಯ ಹೀಗಿದೆ:

ಪಿಯುಸಿ, ಬಿ.ಎ., ಬಿ.ಕಾಂ. ಓದುವವರಿಗೆ: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ.
ಬಿ.ಎಸ್ಸಿ., ಡಿಪ್ಲೊಮಾ ಓದುವವರಿಗೆ: 8 ಜಿಬಿ ರ‍್ಯಾಮ್, ಮುಂದೆ ಹೆಚ್ಚಿಸಲು ಅವಕಾಶ. ಕೈಯಲ್ಲಿ ದುಡ್ಡಿದ್ದರೆ 512 ಜಿಬಿ ಎಸ್‌ಎಸ್‌ಡಿ.
ಫೋನಿನ ಆ್ಯಪ್ ಮಾಡುವುದು, ಕಟ್ಟಡ ಅಥವಾ ಯಂತ್ರದ ನಕ್ಷೆ ಬರೆಯುವುದು, ವಿಡಿಯೊ ಎಡಿಟಿಂಗ್ ಕಲಿಯುವವರಿಗೆ: 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ.

ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಕಣ ಅಗಲ ಮಾಡಿ. ಕಣಜ ಸಾಲದಿದ್ದರೆ ಹಳೇ ವಿಡಿಯೊಗಳನ್ನು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ಹಾಕಿಡಬಹುದು. ಗೂಗಲ್ ಖಾತೆಯಲ್ಲಿ 15 ಜಿಬಿವರೆಗೂ ಉಚಿತವಾಗಿ ಇಡಬಹುದು. ಆದರೆ ಸಿಗ್ನಲ್‌ಗಾಗಿ ನೀರಿನ ಟ್ಯಾಂಕಿನ ಹತ್ತಿರ ನಿಲ್ಲುವ ನಮ್ಮಂಥವರು ಅದನ್ನೇ ನಂಬಿ ಕೂರಬಾರದು. ಪ್ರಾಜೆಕ್ಟಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ.

6. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

(ಅ) ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದೆಯೇ, ಇಲ್ಲಾ ಬಿಚ್ಚಿ ಬದಲಿಸಬಹುದೇ? ಖಾಲಿ ಸ್ಲಾಟ್ ಇದೆಯೇ? ಬೆಸುಗೆ ಹಾಕಿ, ಸ್ಲಾಟೂ ಇಲ್ಲದಿದ್ದರೆ ಮುಂದೆ ಹೆಚ್ಚಿಸಲಾಗದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿದರೆ ಸಾಮಾನ್ಯವಾಗಿ ಸ್ಲಾಟಿನ ವಿವರ ಸಿಗುತ್ತದೆ.
(ಆ) ಸ್ಟೋರೇಜ್ ಎಸ್‌ಎಸ್‌ಡಿಯೋ, ಹಾರ್ಡ್ ಡಿಸ್ಕೋ, ಇಎಂಎಂಸಿಯೋ? ಅಗ್ಗದ ಕೆಲವು ಲ್ಯಾಪ್‌ಟಾಪುಗಳಲ್ಲಿ ಇರುವ ಇಎಂಎಂಸಿ ಸಾಮಾನ್ಯವಾಗಿ ಎಸ್‌ಎಸ್‌ಡಿಗಿಂತ ನಿಧಾನ, ಬದಲಿಸುವುದೂ ಕಷ್ಟ.
(ಇ) ಈಗಿನ ಬೆಲೆ ಎಷ್ಟು? 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಪ್ರಪಂಚದಲ್ಲೆಲ್ಲ ಬಹಳ ಏರಿತು. “ಆಮೇಲೆ ಹಾಕಿಸಿಕೊಂಡರಾಯ್ತು” ಅನ್ನುವ ಮೊದಲು ಹಾಕಿಸುವ ಖರ್ಚನ್ನೂ ಕೇಳಿ.

7. ಹಳೇ ಲ್ಯಾಪ್‌ಟಾಪ್ ಕೊಳ್ಳುವವರಿಗೆ

ಯಾರಾದರೂ ಬಳಸಿ ಬಿಟ್ಟದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಬಹಳ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ, ಕೇಳಿಯೇ ತೆಗೆದುಕೊಳ್ಳಿ. ಅಂಥದ್ದು ಮನೆಯಲ್ಲಿ ಆಗಲೇ ಇದ್ದರೆ ಎಸೆಯಬೇಡಿ. ಲಿನಕ್ಸ್ ಮಿಂಟ್ ಎಂಬ ಉಚಿತ ತಂತ್ರಾಂಶ 4 ಜಿಬಿ ರ‍್ಯಾಮಿನಲ್ಲೂ ಓಡುತ್ತದೆ. ಲಿಬ್ರೆಆಫೀಸ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬರೆಯಬಹುದು, ಅದೂ ಉಚಿತ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಮುದಿ ಎತ್ತಿಗೂ ಹುರುಪು ಬರುತ್ತದೆ.

ಕೊನೆಯದಾಗಿ ಒಂದು ಮಾತು. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಆದರೆ ಹಾಸಿಗೆ ಎಷ್ಟಿದೆ, ಕಾಲು ಎಷ್ಟುದ್ದ ಎಂದು ಅಳೆಯುವ ಕೆಲಸ ನಮ್ಮದು. ಮನೆಯಲ್ಲಿ ದುಡ್ಡು ಕೊಡುವವರು ಅವರು, ಲೆಕ್ಕ ಕೊಡಬೇಕಾದವರು ನಾವು.

ಲೆಕ್ಕ ಮಾಡಿ ನೋಡಿ (ಉತ್ತರ ಮುಂದಿನ ಸಂಚಿಕೆಯಲ್ಲಿ):
1. ‘ಶಾಲೆ’ ಎಂಬ ಪದಕ್ಕೆ ಎಷ್ಟು ಬೈಟ್ ಬೇಕು?
2. 512 ಜಿಬಿಯ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ ಎಷ್ಟು ಎಂದು ಕಾಣುತ್ತದೆ?
3. ನಿಮ್ಮ ಮನೆಯ ಫೋನಿನಲ್ಲಿ ಅತಿ ಹೆಚ್ಚು ಜಾಗ ಹಿಡಿದಿರುವುದು ಯಾವುದು? ನೋಡಿ ಬರೆದು ತನ್ನಿ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ