ಕೊನೆಯ ಪರೀಕ್ಷೆಗೆ ಎಷ್ಟು ಅಂಕ ಬೇಕು?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪರಿಸರದ ಕನ್ನಡ ಮನೆಗಳ ಮಕ್ಕಳು ಇಂಟರ್‌ಮೀಡಿಯೆಟ್ ಸೇರಿದೊಡನೆ ಭೌತಶಾಸ್ತ್ರಕ್ಕೆ ಅಂಜುವುದುಂಟು. ಬೋಧನೆಯ ಭಾಷೆ ಬದಲಾದರೂ ಲೆಕ್ಕ ಬದಲಾಗದು. ತೆಲಂಗಾಣದ 2025ರ ಮಾರ್ಚ್ ಪರೀಕ್ಷೆಯ ಕ್ರಮವನ್ನೇ ನೋಡೋಣ: ಪ್ರಥಮ ವರ್ಷದ ಪತ್ರಿಕೆಗೆ 60, ದ್ವಿತೀಯ ವರ್ಷದ ಪತ್ರಿಕೆಗೆ 60, ಪ್ರಯೋಗಕ್ಕೆ 30, ಒಟ್ಟು 150 ಅಂಕಗಳು.

ವಿದ್ಯಾರ್ಥಿನಿಯೊಬ್ಬಳು ಪ್ರಥಮ ವರ್ಷದಲ್ಲಿ 38 ಅಂಕ ಪಡೆದಿದ್ದಾಳೆ; ಪ್ರಯೋಗದಲ್ಲಿ 27 ಬರುವುದೆಂದು ಭಾವಿಸೋಣ. ಅವಳ ಗುರಿ ಶೇಕಡಾ 75. 150ಕ್ಕೆ ಅದು 112.5, ಅರ್ಥಾತ್ 113. ಕೈಯಲ್ಲಿರುವುದು 38 + 27 = 65. ಆದುದರಿಂದ ದ್ವಿತೀಯ ವರ್ಷದ ಪತ್ರಿಕೆಯಲ್ಲಿ ಬೇಕಾದುದು 113 − 65 = 48. 60ಕ್ಕೆ 48 ಎಂದರೆ ಶೇಕಡಾ 80. ಇಲ್ಲಿ ಶೇಕಡಾವಾರುಗಳ ಸರಾಸರಿ ತೆಗೆಯಬಾರದು. 30 ಅಂಕದ ಪ್ರಯೋಗವೂ 60 ಅಂಕದ ಪತ್ರಿಕೆಯೂ ಸಮತೂಕದವಲ್ಲ.

ಎರಡು ಎಚ್ಚರಿಕೆಗಳು. ಉತ್ತರ 60ನ್ನು ಮೀರಿದರೆ ಗುರಿಯನ್ನು ತಗ್ಗಿಸಬೇಕು. ಉತ್ತರ ಎಷ್ಟೇ ಚಿಕ್ಕದಾಗಿ ಬಂದರೂ ಆ ಪತ್ರಿಕೆಯಲ್ಲಿ ತೇರ್ಗಡೆಗೆ ಶೇಕಡಾ 35, ಅಂದರೆ 21 ಅಂಕ ಬೇಕೇ ಬೇಕು. ಬೇರೆಡೆ ಗಳಿಸಿದ ಅಂಕ ಆ ಕೊರತೆಯನ್ನು ತುಂಬದು.

ಪಾಲಕರೇ, 'ಚೆನ್ನಾಗಿ ಓದು' ಎಂದಷ್ಟೇ ಹೇಳಿ ಸುಮ್ಮನಾಗದೆ, ಮಗುವಿನೊಡನೆ ಕುಳಿತು ಈ ಲೆಕ್ಕ ಮಾಡಿರಿ. ತಲುಪಬೇಕಾದ ಅಂಕ ತಿಳಿದ ಮಗು ಉಳಿದ ದಿನಗಳನ್ನು ಪಾಠಗಳಿಗೆ ಹಂಚಿಕೊಳ್ಳಬಲ್ಲುದು.